ದಾವಾವ್‌ನ ಓದೋಂಗ್: ಒಂದು ಡಬ್ಬಿ ಮೀನು, ಅರ್ಧ ಕಟ್ಟು ನೂಡಲ್ಸ್, ಒಂದು ಹೀರೇಕಾಯಿ

ಹಾಸ್ಟೆಲ್_ಒಲೆ:
ಎಲ್ಲರಿಗೂ ನಮಸ್ಕಾರ. ಫಿಲಿಪ್ಪೀನ್ಸ್‌ನಲ್ಲಿ ಇದ್ದು ಬಂದವರು ಯಾರಾದರೂ ಇದ್ದರೆ ಸ್ವಲ್ಪ ಸಹಾಯ ಬೇಕು. ನಾನು ದಾವಾವ್‌ನಲ್ಲಿ ಮೆಡಿಕಲ್ ಓದುತ್ತಿದ್ದೇನೆ, ಬಂದು ನಾಲ್ಕು ತಿಂಗಳಾಯಿತು, ಊರು ಚಿತ್ರದುರ್ಗ. ಬೋರ್ಡಿಂಗ್ ಹೌಸ್‌ನಲ್ಲಿ ಮೂವರು ಹುಡುಗರು ಇದ್ದೇವೆ. ಇಷ್ಟು ದಿನ ಇಂಡಿಯನ್ ಮೆಸ್‌ನಲ್ಲಿ ಉಣ್ಣುತ್ತಿದ್ದೆವು. ಈ ತಿಂಗಳು ಪುಸ್ತಕ ಅದು ಇದು ಅಂತ ಖರ್ಚು ಜಾಸ್ತಿ ಆಗಿ ಮೆಸ್ ಬಿಟ್ಟಿದ್ದೇವೆ. ರೂಮಲ್ಲಿ ಒಂದು ಇಂಡಕ್ಷನ್ ಒಲೆ, ಒಂದು ಪಾತ್ರೆ, ಒಂದು ರೈಸ್ ಕುಕ್ಕರ್ ಇದೆ, ಅಷ್ಟೇ.

ಮೊನ್ನೆ ಪಕ್ಕದ ಮನೆಯವರು ಒಂದು ಬಟ್ಟಲು ನೂಡಲ್ಸ್ ಸಾರು ಕೊಟ್ಟರು. ಕೆಂಪಗೆ, ಟೊಮೇಟೊ ಹುಳಿ, ಅದರಲ್ಲಿ ಡಬ್ಬಿ ಮೀನು, ಹೀರೇಕಾಯಿ ತರಹದ ಒಂದು ತರಕಾರಿ. ಓದೋಂಗ್ ಅಂದರು. ತುಂಬಾ ಇಷ್ಟ ಆಯಿತು. ನಾವೇ ಮಾಡೋಣ ಅಂತ ನಿನ್ನೆ ಡಬ್ಬಿ ತೆಗೆದು, ಮೀನು ನೂಡಲ್ಸ್ ಎರಡನ್ನೂ ಒಟ್ಟಿಗೇ ನೀರಿಗೆ ಹಾಕಿ ಕುದಿಸಿದೆವು. ಗಂಜಿ ತರ ಆಯಿತು, ಮೇಲೆ ಡಬ್ಬಿಯ ವಾಸನೆ. ಮೂವರೂ ಅರ್ಧಕ್ಕೇ ಬಿಟ್ಟು ಎದ್ದೆವು. ಎಲ್ಲಿ ತಪ್ಪಾಯಿತು?

ತುಂಗೆ_ದಡ:
ತಮ್ಮಾ, ಓದೋಂಗ್ ಅನ್ನೋ ಹೆಸರು ಕೇಳಿ ಎಷ್ಟು ಖುಷಿಯಾಯಿತು ಗೊತ್ತಾ! ನಾನೂ ದಾವಾವ್‌ನಲ್ಲೇ ಓದಿದವನು, ಈಗ ಶಿವಮೊಗ್ಗದಲ್ಲಿ ಪ್ರಾಕ್ಟೀಸ್. ಐದು ವರ್ಷದಲ್ಲಿ ಎಷ್ಟು ಸಲ ಇದನ್ನು ಮಾಡಿದ್ದೇನೋ ಲೆಕ್ಕವಿಲ್ಲ. ನಿಮ್ಮ ತಪ್ಪು ಒಂದೇ. ಮೀನನ್ನು ಮೊದಲು ಹಾಕಿದಿರಿ. ಅದು ಕೊನೆಗೆ ಹಾಕಬೇಕಾದದ್ದು.

ಯಾಕೆ ಅಂದರೆ ಡಬ್ಬಿಯ ಮೀನು ಆಗಲೇ ಬೆಂದಿರುತ್ತದೆ. ಡಬ್ಬಿ ಮುಚ್ಚಿದ ಮೇಲೆ, ನಮ್ಮ ಪ್ರೆಶರ್ ಕುಕ್ಕರ್‌ನ ಹಾಗೆ, ಒತ್ತಡದಲ್ಲಿ ಬಿಸಿ ಮಾಡಿರುತ್ತಾರೆ. ಅದಕ್ಕೇ ಮುಳ್ಳು ಕೂಡ ಬೆರಳಲ್ಲಿ ಒತ್ತಿದರೆ ಪುಡಿಯಾಗುವಷ್ಟು ಮೆತ್ತಗಿರುತ್ತದೆ. ಅಂಥ ಮೀನನ್ನು ಮತ್ತೆ ಹತ್ತು ನಿಮಿಷ ಕುದಿಸಿ ಸೌಟಿನಲ್ಲಿ ತಿರುವಿದರೆ ಒಡೆದು ನೀರೆಲ್ಲಾ ರವೆರವೆ ಆಗದೆ ಇನ್ನೇನಾಗುತ್ತದೆ.

ಸರಿ, ಹೀಗೆ ಮಾಡಿ ನೋಡಿ. 155 ಗ್ರಾಂ ಸಾರ್ಡೀನ್ ಮೀನಿನ ಡಬ್ಬಿ, ಟೊಮೇಟೊ ಸಾಸ್‌ನದ್ದು, ಒಂದು ಸಾಕು. ಲೀಗೋ, 555, ಮೆಗಾ ಯಾವ ಬ್ರಾಂಡ್ ಆದರೂ ಆಗುತ್ತದೆ, ನಮ್ಮ ನಾಲಿಗೆಗೆ ಮೆಣಸಿನಕಾಯಿ ಹಾಕಿದ್ದೇ ಚೆನ್ನಾಗಿ ಹಿಡಿಸುತ್ತದೆ. ಪಾತ್ರೆಗೆ ಒಂದು ಚಮಚ ಎಣ್ಣೆ, ಅದಕ್ಕೆ ಜಜ್ಜಿದ ಬೆಳ್ಳುಳ್ಳಿ ಐದಾರು ಎಸಳು. ಬೆಳ್ಳುಳ್ಳಿ ಬಂಗಾರದ ಬಣ್ಣಕ್ಕೆ ಬರುವವರೆಗೂ ಕಾಯಿರಿ, ಆತುರ ಬೇಡ, ಈ ಅಡುಗೆಗೆ ಮಸಾಲೆ ಅಂತ ಇರುವುದು ಅದೊಂದೇ. ಆಮೇಲೆ ಉದ್ದುದ್ದ ಹೆಚ್ಚಿದ ಈರುಳ್ಳಿ, ಒಂದು ಟೊಮೇಟೊ. ಟೊಮೇಟೊ ಕರಗಿ ಎಣ್ಣೆ ಬಿಡುವ ಹೊತ್ತಿಗೆ ಡಬ್ಬಿ ತೆಗೆದು, ಚಮಚದಲ್ಲಿ ಮೀನನ್ನು ತಡೆಹಿಡಿದು ಸಾಸ್ ಮಾತ್ರ ಸುರಿಯಿರಿ. ಎರಡು ನಿಮಿಷ ಹುರಿಯಿರಿ. ಆ ಕಿತ್ತಳೆ ಬಣ್ಣ ಗಾಢವಾಗಿ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ, ಡಬ್ಬಿಯ ವಾಸನೆ ಹೋಗುವುದು ಆಗಲೇ. ಈ ಎರಡು ನಿಮಿಷ ಬಿಟ್ಟರೆ ಎಷ್ಟು ಕುದಿಸಿದರೂ ಆ ವಾಸನೆ ಹೋಗುವುದಿಲ್ಲ.

ಡಬ್ಬಿಗೆ ನೀರು ಹಾಕಿ ಅಲ್ಲಾಡಿಸಿ ಅದನ್ನೂ ಹಾಕಿ. ಒಟ್ಟು ನಾಲ್ಕು ದೊಡ್ಡ ಲೋಟ ನೀರು. ಜಾಸ್ತಿ ಅನ್ನಿಸುತ್ತದೆ, ಆದರೂ ಹಾಕಿ. ಓದೋಂಗ್ ಅನ್ನುವುದು ಆ ನೂಡಲ್ಸ್‌ನ ಹೆಸರೂ ಹೌದು, ಅದು ನೀರು ಕುಡಿಯುತ್ತಲೇ ಇರುತ್ತದೆ, ಬಟ್ಟಲಿಗೆ ಹಾಕಿದ ಮೇಲೂ ಕುಡಿಯುತ್ತದೆ. ಕುದಿ ಬಂದ ಮೇಲೆ ಹೀರೇಕಾಯಿ, ಮೂರು ನಿಮಿಷ ಬಿಟ್ಟು ನೂಡಲ್ಸ್ ಅರ್ಧ ಕಟ್ಟು, ಕೈಯಲ್ಲಿ ಎರಡು ತುಂಡು ಮಾಡಿ. ನೂಡಲ್ಸ್ ಬೆಂದಿತು ಅನ್ನುವಾಗ ಮೀನನ್ನು ಮೇಲೆ ಮೆಲ್ಲಗೆ ಇಡಿ. ಸೌಟು ಹಾಕಬೇಡಿ. ಒಲೆ ಆರಿಸಿ, ಒಂದು ಹಿಡಿ ನುಗ್ಗೆ ಸೊಪ್ಪು ಉದುರಿಸಿ ಮುಚ್ಚಳ ಮುಚ್ಚಿ. ಉಪ್ಪು ರುಚಿ ನೋಡಿಕೊಂಡು ಹಾಕಿ, ಡಬ್ಬಿಯಲ್ಲೇ ಸಾಕಷ್ಟು ಇರುತ್ತದೆ. ತಿನ್ನುವಾಗ ಮೇಲೆ ಕಲಮಾನ್ಸಿ ಹಿಂಡಿ, ಆ ಗೋಲಿಯಷ್ಟು ಚಿಕ್ಕ ನಿಂಬೆ ಇರುತ್ತದಲ್ಲ, ಅದು.

ಹಾಸ್ಟೆಲ್_ಒಲೆ:
ಅಣ್ಣಾ ತುಂಬಾ ಥ್ಯಾಂಕ್ಸ್. ನುಗ್ಗೆ ಸೊಪ್ಪು ಇಲ್ಲಿ ಸಿಗುತ್ತದಾ? ಹೀರೇಕಾಯಿಗೆ ಏನಂತ ಕೇಳಬೇಕು? ಇಂಟರ್ನೆಟ್‌ನಲ್ಲಿ ನೋಡಿದ್ದು ಎಲ್ಲ ಮನಿಲಾ ಕಡೆಯ ಟಗಾಲೋಗ್ ಭಾಷೆಯ ಹೆಸರು, ಇಲ್ಲಿ ಅಂಗಡಿಯಲ್ಲಿ ಬಿಸಾಯ ಮಾತಾಡುತ್ತಾರೆ. ಇನ್ನೊಂದು ಗೊಂದಲ. ಅಂಗಡಿಯ ಅಜ್ಜಿ ಡಬ್ಬಿ ಮೀನನ್ನು ಟಿನಾಪಾ ಅಂದರು. ಟಿನಾಪಾ ಅಂದರೆ ಹೊಗೆ ಹಾಕಿದ ಮೀನು ಅಂತ ನಾನು ಓದಿದ್ದೆ.

ತುಂಗೆ_ದಡ:
ಎರಡೂ ಸರಿಯೇ. ಮನಿಲಾ ಕಡೆ ಟಿನಾಪಾ ಅಂದರೆ ಹೊಗೆ ಹಾಕಿದ ಮೀನು. ನಿಮ್ಮಲ್ಲಿ ದಾವಾವ್, ಸೆಬು ಕಡೆ ಬಿಸಾಯ ಮಾತಿನಲ್ಲಿ ಟಿನಾಪಾ ಅಂದರೆ ಡಬ್ಬಿಯ ಸಾರ್ಡೀನ್. ಅಜ್ಜಿ ಹೇಳಿದ್ದೇ ನಿಮಗೆ ಬೇಕಾದ್ದು.

ಹೀರೇಕಾಯಿಗೆ ಟಗಾಲೋಗ್‌ನಲ್ಲಿ ಪತೋಲಾ, ಬಿಸಾಯದಲ್ಲಿ ಸಿಕ್ವಾ. ಅಲ್ಲಿ ಏಣಿರುವ ನಮ್ಮ ಹೀರೇಕಾಯಿಯೂ ಸಿಗುತ್ತದೆ, ನುಣುಪಿನ ತುಪ್ಪದ ಹೀರೇಕಾಯಿಯೂ ಸಿಗುತ್ತದೆ. ಯಾವುದಾದರೂ ಆಗುತ್ತದೆ, ಎಳೆಯದು ತಗೊಳ್ಳಿ. ನುಗ್ಗೆ ಸೊಪ್ಪಿಗೆ ಕಮುಂಗ್ಗಾಯ್. ದುಡ್ಡು ಕೊಟ್ಟು ಕೊಳ್ಳಬೇಕಾಗಿಯೇ ಇಲ್ಲ, ಸುತ್ತಮುತ್ತ ಯಾರದಾದರೂ ಹಿತ್ತಲಲ್ಲಿ ಮರ ಇದ್ದೇ ಇರುತ್ತದೆ, ಕೇಳಿದರೆ ಕೊಂಬೆ ಮುರಿದು ಕೊಡುತ್ತಾರೆ. ನಾವು ನುಗ್ಗೆಕಾಯಿಗಾಗಿ ಮರ ಬೆಳೆಸುತ್ತೇವೆ, ಅವರು ಸೊಪ್ಪಿಗಾಗಿ.

ಬೆಳ್ಳುಳ್ಳಿಗೆ ಆಹೋಸ್. ಈರುಳ್ಳಿಗೆ ಬೊಂಬಾಯ್. ಹೌದು, ಬೊಂಬಾಯಿಯೇ. ಇಂಡಿಯಾದವರನ್ನು ಕರೆಯುವುದೂ ಅದೇ ಪದದಿಂದ. ಮೊದಮೊದಲು ಮಾರ್ಕೆಟ್‌ನಲ್ಲಿ ಆ ಪದ ಕಿವಿಗೆ ಬಿದ್ದಾಗೆಲ್ಲ ನನ್ನನ್ನೇ ಕರೆದರು ಅಂತ ಬೇಜಾರಾಗುತ್ತಿತ್ತು. ಎಷ್ಟೋ ಸಲ ಅವರು ಈರುಳ್ಳಿ ಮಾರುತ್ತಿದ್ದರು ಅಷ್ಟೇ. ತರಕಾರಿಗೆ ಬಂಕೆರೋಹಾನ್ ಮಾರ್ಕೆಟ್‌ಗೆ ಬೆಳಿಗ್ಗೆ ಬೇಗ ಹೋಗಿ. ನಿಮ್ಮ ಬೀದಿಯ ಚಿಕ್ಕ ಸಾರಿಸಾರಿ ಅಂಗಡಿಯಲ್ಲಿ ಬಿಡಿಬಿಡಿಯಾಗಿ ಕೊಡುತ್ತಾರೆ. ಒಂದು ಈರುಳ್ಳಿ, ಒಂದು ಬೆಳ್ಳುಳ್ಳಿ ಗೆಡ್ಡೆ ಅಂತ ಕೇಳುವುದಕ್ಕೆ ನಾಚಿಕೆ ಬೇಡ. ಆ ಬಿಡಿ ಮಾರಾಟಕ್ಕೆ ತಿಂಗಿ ಅಂತ ಹೆಸರೇ ಇದೆ, ಅಲ್ಲಿ ಎಲ್ಲರೂ ಕೊಳ್ಳುವುದು ಹಾಗೆಯೇ.

ಮನಿಲಾ_ಅಕ್ಕ:
ನಾನು ಮನಿಲಾದ ಮಕಾತಿಯಲ್ಲಿ ಕೆಲಸ ಮಾಡುತ್ತಿದ್ದೇನೆ, ಎಂಟು ವರ್ಷ ಆಯಿತು, ಊರು ಮೈಸೂರು. ಇಲ್ಲಿ ಓದೋಂಗ್ ಅಷ್ಟಾಗಿ ಗೊತ್ತಿಲ್ಲ. ಇಲ್ಲಿ ಇದೇ ಅಡುಗೆಗೆ ಮಿಸ್ವಾ ಹಾಕುತ್ತಾರೆ. ಕೂದಲಿನಷ್ಟು ತೆಳ್ಳಗಿನ ಗೋಧಿ ನೂಡಲ್ಸ್, ಬೆಳ್ಳಗೆ, ಜಡೆಯ ಹಾಗೆ ಮಡಚಿ ಇಟ್ಟಿರುತ್ತಾರೆ. ಚೀನಾದ ಫೂಜಿಯಾನ್‌ನಿಂದ ಬಂದವರು ತಂದದ್ದು. ಹುಟ್ಟುಹಬ್ಬಕ್ಕೂ ಮಿಸ್ವಾ ಮಾಡುವವರಿದ್ದಾರೆ, ಎಳೆ ಉದ್ದ ಇದ್ದಷ್ಟು ಆಯಸ್ಸು ಅಂತ ನಂಬಿಕೆ. ಅದೇ ಮಿಸ್ವಾ ತಿಂಗಳ ಕೊನೆಯಲ್ಲಿ ಸಾರ್ಡೀನ್ ಜೊತೆಗೂ ಬರುತ್ತದೆ.

ಮಿಸ್ವಾ ಮಾಡುವವರಿಗೆ ಒಂದು ಮಾತು. ಒಂದೇ ನಿಮಿಷ. ಎರಡು ನಿಮಿಷ ಆದರೆ ಜಾಸ್ತಿ ಆಯಿತು. ನೀರು ಕುದಿಯುವಾಗ ಹಾಕಿ ಒಲೆ ಆರಿಸಿಬಿಡಿ, ಆ ಬಿಸಿಗೇ ಬೇಯುತ್ತದೆ. ಮತ್ತೆ ಅದರ ಹಿಟ್ಟಿನಲ್ಲೇ ಉಪ್ಪಿರುತ್ತದೆ, ಆದ್ದರಿಂದ ಮೇಲೆ ಉಪ್ಪು ಹಾಕುವುದಕ್ಕೆ ಮುಂಚೆ ರುಚಿ ನೋಡಲೇಬೇಕು.

ಒಂದು ವಿಷಯದಲ್ಲಿ ಮಾತ್ರ ತುಂಗೆ ದಡದವರ ಮಾತು ಒಪ್ಪುವುದಿಲ್ಲ. ಎಲ್ಲ ಮೀನನ್ನೂ ಇಡಿಯಾಗಿ ಇಟ್ಟರೆ ಸಾರಿಗೆ ಮೀನಿನ ರುಚಿಯೇ ಇಳಿಯುವುದಿಲ್ಲ. ನಾನು ಸಾಸ್ ಹುರಿಯುವಾಗಲೇ ಒಂದು ಮೀನನ್ನು ಜಜ್ಜಿ ಸೇರಿಸುತ್ತೇನೆ, ಉಳಿದದ್ದು ಕೊನೆಗೆ. ಇಲ್ಲಿಯ ಮನೆಗಳಲ್ಲೂ ಹಾಗೆ ಜಜ್ಜುವವರು ತುಂಬಾ ಜನ.

ತುಂಗೆ_ದಡ:
ಅಕ್ಕಾ, ಹುರಿಯುವಾಗ ಜಜ್ಜಿದರೆ ತೊಂದರೆ ಇಲ್ಲ, ಎಣ್ಣೆಯಲ್ಲಿ ವಾಸನೆ ಹೋಗಿರುತ್ತದೆ. ನೀರಲ್ಲಿ ಕುದ್ದು ಒಡೆಯುವುದೇ ಬೇರೆ. ನನಗೆ ಮಾತ್ರ ತಿಳಿ ಸಾರು, ಮೇಲೆ ಇಡೀ ಮೀನು ಇದ್ದರೇ ಸಮಾಧಾನ. ಮಿಸ್ವಾ ಚೆನ್ನಾಗಿರುತ್ತದೆ, ಆದರೆ ಮೂವರು ಹಸಿದ ಹುಡುಗರಿಗೆ ಓದೋಂಗೇ ಸರಿ, ಅದು ಹಲ್ಲಿಗೆ ಸಿಗುತ್ತದೆ.

ಆ ಹೆಸರಿನ ಹಿಂದೆ ಒಂದು ಕಥೆ ಇದೆ. ಎರಡನೇ ಮಹಾಯುದ್ಧಕ್ಕೆ ಮುಂಚೆ ದಾವಾವ್‌ನಲ್ಲಿ ಸುಮಾರು 20 ಸಾವಿರ ಜಪಾನೀಯರಿದ್ದರು. ಅಬಾಕಾ ಅಂತ ಒಂದು ಬಾಳೆ ಜಾತಿಯ ಗಿಡ, ಅದರ ನಾರಿನಿಂದ ಹಗ್ಗ ಮಾಡುತ್ತಾರೆ. ಅದರ ತೋಟಗಳು ಅವರವು. ದಾವಾವ್‌ನ ಮಿಂತಾಲ್ ಕಡೆ ಹೋದರೆ ಇವತ್ತಿಗೂ ಅವರ ಗುರುತುಗಳಿವೆ. ಅವರ ಊದೋನ್ ಇವರ ಬಾಯಲ್ಲಿ ಓದೋಂಗ್ ಆಯಿತು. ಆದರೆ ಜಪಾನಿನ ಊದೋನ್ ದಪ್ಪ, ಬಿಳಿ, ಮೆತ್ತಗೆ. ಇದು ಒಣಗಿದ ಹಳದಿ ಕಡ್ಡಿ, ಹೆಸರೊಂದೇ ಉಳಿದುಕೊಂಡಿದೆ.

ಕಡಲಮಗಳು:
ನಾನು ಮಲ್ಪೆ ಹತ್ತಿರದವಳು. ಓದುತ್ತಾ ಓದುತ್ತಾ ಇದು ನಮ್ಮ ಬೂತಾಯಿಯೇ ಅಲ್ವಾ ಅನ್ನಿಸಿತು. ಕಾರವಾರ ಕಡೆಯವರು ತಾರ್ಲೆ ಅಂತಾರೆ. ಫಿಲಿಪ್ಪೀನ್ಸ್‌ನಲ್ಲಿ ಡಬ್ಬಿಗೆ ಹೋಗುವ ಮೀನಿಗೆ ತಂಬಾನ್ ಅಂತ ಹೆಸರು, ಅದೂ ನಮ್ಮ ಬೂತಾಯಿಯೂ ಒಂದೇ ಕುಲ, ಎರಡೂ ಸಾರ್ಡಿನೆಲ್ಲಾ. ಅದಕ್ಕೇ ಆ ರುಚಿ ಹತ್ತಿರ ಅನ್ನಿಸುವುದು. ಅಲ್ಲಿಯ ಡಬ್ಬಿ ಕಾರ್ಖಾನೆಗಳು ಜಾಸ್ತಿ ಇರುವುದು ಸಾಂಬೋವಾಂಗಾದಲ್ಲಿ, ದಾವಾವ್ ಇರುವ ಮಿಂದನಾವ್ ದ್ವೀಪದ ಇನ್ನೊಂದು ತುದಿ. 2011ರಿಂದ ಆ ಕಡಲಲ್ಲಿ ವರ್ಷಕ್ಕೆ ಮೂರು ತಿಂಗಳು ಸಾರ್ಡೀನ್ ಹಿಡಿಯುವುದನ್ನು ನಿಲ್ಲಿಸುತ್ತಾರೆ, ಮೀನು ಮೊಟ್ಟೆ ಇಡಲಿ ಅಂತ. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಬೋಟ್ ಇಳಿಯುವುದಿಲ್ಲ, ಅದೇ ಲೆಕ್ಕ. ನಮ್ಮ ತಂದೆ ಬೋಟ್‌ನಲ್ಲಿ ಕೆಲಸ ಮಾಡುತ್ತಿದ್ದರು, ಆ ಎರಡು ತಿಂಗಳು ಮನೆಯಲ್ಲಿ ಒಣಮೀನು. ಸಾಂಬೋವಾಂಗಾದ ಮನೆಗಳಲ್ಲಿ ಆಗ ಏನು ಬೇಯಿಸುತ್ತಾರೋ ಅಂತ ಯೋಚನೆ ಬಂತು.

ಕರಾವಳಿಯಲ್ಲಿ ಇರುವವರು ಇದಕ್ಕಾಗಿ ಡಬ್ಬಿ ಹುಡುಕಬೇಡಿ. ನಮ್ಮಲ್ಲಿ ಡಬ್ಬಿಯ ಬೆಲೆಗೆ ಹಸಿ ಬೂತಾಯಿ ಎಷ್ಟೋ ಬರುತ್ತದೆ. ತಲೆ ಹೊಟ್ಟೆ ತೆಗೆದು, ಟೊಮೇಟೊ ಜೊತೆ ಪ್ರೆಶರ್ ಕುಕ್ಕರ್‌ನಲ್ಲಿ ಸಣ್ಣ ಉರಿಯಲ್ಲಿ ಅರ್ಧ ಗಂಟೆಗಿಂತ ಜಾಸ್ತಿ ಇಟ್ಟರೆ ಮುಳ್ಳು ಮೆತ್ತಗಾಗುತ್ತದೆ. ನಿನ್ನೆ ನಾನು ಹಾಗೆ ಮಾಡಿದೆ. ನೂಡಲ್ಸ್‌ಗೆ ಏನು ಹಾಕಬಹುದು?

ಧಾರವಾಡ_ಫೇಡಾ:
ನೂಡಲ್ಸ್‌ಗೆ ನಮ್ಮ ಗೋಧಿ ಶಾವಿಗೆ ಇದೆಯಲ್ಲ! ಮಿಸ್ವಾ ಅಂತ ಅಕ್ಕ ಬರೆದದ್ದು ಓದಿದಾಗಲೇ ನನಗೆ ನಮ್ಮ ಅಜ್ಜಿಯ ಮನೆ ನೆನಪಾಯಿತು. ಬೇಸಿಗೆಯಲ್ಲಿ ಕೋಲಿನ ಮೇಲೆ ಶಾವಿಗೆ ಎಳೆ ಇಳಿಬಿಟ್ಟು ಒಣಗಿಸುತ್ತಿದ್ದರು, ನಾವು ಹುಡುಗರು ಕೆಳಗೆ ಬಿದ್ದ ಹಸಿ ಎಳೆ ಆರಿಸಿ ತಿನ್ನುತ್ತಿದ್ದೆವು. ಆದರೆ ಒಂದು ಕೇಳಬೇಕು. ನೂಡಲ್ಸ್ ಸಾರನ್ನು ಅನ್ನದ ಜೊತೆ ತಿನ್ನುತ್ತಾರಾ? ಹಾಗೆ ವಿಡಿಯೋದಲ್ಲಿ ನೋಡಿದೆ.

ತುಂಗೆ_ದಡ:
ಹೌದು ಸರ್, ಅನ್ನದ ಜೊತೆಗೇ. ಅಲ್ಲಿ ಅನ್ನ ಇಲ್ಲದೆ ಊಟ ಅನ್ನುವುದಿಲ್ಲ. ಅನ್ನಕ್ಕೆ ನೆಂಚಿಕೊಳ್ಳುವುದು ಏನೇ ಇರಲಿ, ಬಿಸಾಯದಲ್ಲಿ ಅದಕ್ಕೆ ಸುದ್‌ಅನ್ ಅಂತಾರೆ. ಓದೋಂಗ್ ಕೂಡ ಸುದ್‌ಅನ್. ಒಂದು ಡಬ್ಬಿ ಮೀನು ಆರು ಜನರ ಮನೆಗೆ ಸಾಕಾಗುವುದು ಹೀಗೆಯೇ. ಸಾರು ಹೆಚ್ಚಿಸುತ್ತಾರೆ, ನೂಡಲ್ಸ್ ಅದನ್ನು ಗಟ್ಟಿ ಮಾಡುತ್ತದೆ, ಅನ್ನ ಹೊಟ್ಟೆ ತುಂಬಿಸುತ್ತದೆ. ನಾವು ಸಾರು ಅನ್ನ ಕಲಸುವ ಹಾಗೆ ಕಲಸಿಕೊಂಡೇ ತಿಂದೆ ನಾನು, ಯಾರೂ ಏನೂ ಅನ್ನಲಿಲ್ಲ.

ಶಾವಿಗೆ ಹಾಕುವುದಾದರೆ ಹುರಿಯದ ಶಾವಿಗೆ ತಗೊಳ್ಳಿ. ಅದರಲ್ಲಿ ಉಪ್ಪಿಲ್ಲದ್ದರಿಂದ ಸ್ವಲ್ಪ ಉಪ್ಪು ಬೇಕಾಗುತ್ತದೆ. ಕಲಮಾನ್ಸಿ ಬದಲು ನಿಂಬೆಹಣ್ಣು.

ದುಬೈ_ದಿನಗಳು:
ಇಲ್ಲಿ ದುಬೈನ ದೇರಾದಲ್ಲಿ ಫಿಲಿಪ್ಪೀನೋ ಅಂಗಡಿಗಳಲ್ಲಿ ಮಿಸ್ವಾ, ಸಾರ್ಡೀನ್ ಡಬ್ಬಿ ಎಲ್ಲ ಸಿಗುತ್ತದೆ. ನಮ್ಮ ಆಫೀಸಿನ ಇಬ್ಬರು ಹೆಣ್ಣುಮಕ್ಕಳು ಶುಕ್ರವಾರ ಮಾಡಿ ತರುತ್ತಿದ್ದರು. ಸಂಬಳ ಬಂದ ದಿನವೇ ಮುಕ್ಕಾಲು ಪಾಲು ಊರಿಗೆ ಕಳಿಸಿ, ಉಳಿದದ್ದರಲ್ಲಿ ತಿಂಗಳು ತಳ್ಳುವವರು. ಆದರೂ ಊಟದ ಡಬ್ಬಿ ತೆರೆದ ಕೂಡಲೇ ನನ್ನ ಪಾಲು ಬೇರೆ ತೆಗೆದಿಡುತ್ತಿದ್ದರು. ಇದನ್ನು ಬಡವರ ಊಟ ಅಂತ ಕೆಲವರು ಮೂಗು ಮುರಿಯುವುದನ್ನು ನೋಡಿದ್ದೇನೆ, ನನಗೆ ಸಿಟ್ಟು ಬರುತ್ತದೆ.

ಬರೀ_ಸೊಪ್ಪು:
ಮೀನು ತಿನ್ನದವರಿಗೆ ದಾರಿ ಇದೆಯಾ?

ಮನಿಲಾ_ಅಕ್ಕ:
ಇದೆ. ಮೀನು ಬಿಟ್ಟು ಪತೋಲಾ ಮಿಸ್ವಾ ಮಾಡಬಹುದು. ತೋಫುಗೆ ಇಲ್ಲಿ ತೋಕ್ವಾ ಅಂತಾರೆ, ಅದನ್ನು ಮೊದಲು ಕೆಂಪಗೆ ಹುರಿದಿಟ್ಟುಕೊಂಡು ಕೊನೆಗೆ ಹಾಕಿ. ಅಣಬೆಯೂ ಹಿಡಿಸುತ್ತದೆ. ಕೆಲವು ಪ್ಯಾಕೆಟ್ ಸಾಸ್‌ಗಳಲ್ಲಿ ಮೀನಿನ ರಸ ಇರುತ್ತದೆ, ಪಾತಿಸ್ ಅಂತ ಬರೆದಿದ್ದರೆ ಬಿಟ್ಟುಬಿಡಿ.

ತುಂಗೆ_ದಡ:
ದುಬೈಯವರು ಬರೆದದ್ದು ಓದಿ ಒಂದು ದಿನದ ಬಗ್ಗೆ ಬರೆಯಬೇಕು ಅನ್ನಿಸಿತು.

2019ರ ಡಿಸೆಂಬರ್ 15, ಭಾನುವಾರ. ಮಧ್ಯಾಹ್ನ ಎರಡು ದಾಟಿತ್ತು, ನಾನು ಮಲಗಿದ್ದೆ. ಮಂಚ ಗೋಡೆಯಿಂದ ದೂರ ಸರಿದು ಮತ್ತೆ ಬಂದು ಬಡಿಯಿತು. ಪಕ್ಕದ ದಾವಾವ್ ದೆಲ್ ಸುರ್ ಪ್ರಾಂತ್ಯದಲ್ಲಿ ಭೂಕಂಪ, 6.9 ತೀವ್ರತೆ. ಆ ವರ್ಷ ಅಕ್ಟೋಬರ್‌ನಿಂದಲೇ ಒಂದರ ಮೇಲೊಂದು ಆಗಿ ಎಲ್ಲರೂ ಹೆದರಿ ಸಾಕಾಗಿತ್ತು. ಚಪ್ಪಲಿ ಇಲ್ಲದೆ ಕೆಳಗೆ ಓಡಿದೆವು. ಕರೆಂಟ್ ಹೋಯಿತು. ಗೋಡೆಯಲ್ಲಿ ಬಿರುಕು, ಮತ್ತೆ ಒಳಗೆ ಹೋಗುವ ಧೈರ್ಯ ಯಾರಿಗೂ ಇರಲಿಲ್ಲ. ಮನೆಗೆ ಫೋನ್ ಹತ್ತುತ್ತಿಲ್ಲ.

ನಮ್ಮ ಮನೆ ಮಾಲೀಕರನ್ನು ನಾವು ನಾನಾಯ್ ಅಂತಿದ್ದೆವು, ಅಮ್ಮ ಅಂತಲೇ ಅರ್ಥ. ಅರವತ್ತು ದಾಟಿದವರು. ಸಂಜೆ ಆಗುತ್ತಿದ್ದ ಹಾಗೆ ಅವರು ಅಂಗಳದಲ್ಲಿ ಇದ್ದಿಲು ಒಲೆ ಹೊತ್ತಿಸಿದರು. ತಮ್ಮ ಅಂಗಡಿಯಿಂದಲೇ ಐದು ಡಬ್ಬಿ, ಎರಡು ಕಟ್ಟು ಓದೋಂಗ್ ತಂದರು. ಅಲ್ಲಿ ಪ್ರವಾಹ, ಭೂಕಂಪ ಏನೇ ಬಂದರೂ ಸರ್ಕಾರ ಹಂಚುವ ಚೀಲದಲ್ಲಿ ಅಕ್ಕಿ ಜೊತೆ ಸಾರ್ಡೀನ್ ಡಬ್ಬಿ ಇರುತ್ತದೆ, ಅವರಿಗೆ ಅದು ಕಷ್ಟಕಾಲದ ಕೈಗೆ ಬಂದ ಅಡುಗೆ. ಒಬ್ಬ ಹುಡುಗನನ್ನು ಕಳಿಸಿ ಕಮುಂಗ್ಗಾಯ್ ಕೊಂಬೆ ಮುರಿಸಿದರು. ನಾನು ಮೊಬೈಲ್ ಟಾರ್ಚ್ ಹಿಡಿದು ನಿಂತಿದ್ದೆ. ಅವರು ಡಬ್ಬಿ ಬಗ್ಗಿಸಿ, ಮೀನಿಗೆ ಹೆಬ್ಬೆರಳು ಅಡ್ಡ ಕೊಟ್ಟು, ಸಾಸ್ ಮಾತ್ರ ಸುರಿದರು. ಮೀನು ಈಗ ಬೇಡ, ಕೊನೆಗೆ ಅಂದರು. ನಾನು ಇದನ್ನು ಕಲಿತದ್ದು ಆಗ. ಭೂಮಿ ಇನ್ನೂ ಸಣ್ಣಗೆ ನಡುಗುತ್ತಿತ್ತು, ಪಾತ್ರೆಯ ನೀರಿನ ಮೇಲೆ ಉಂಗುರ ಉಂಗುರವಾಗಿ ಅಲೆ ಬರುತ್ತಿತ್ತು. ಅವರ ಕೈ ಮಾತ್ರ ಅಲ್ಲಾಡಲಿಲ್ಲ.

ಹನ್ನೊಂದು ಜನ ಉಂಡೆವು. ದುಡ್ಡು ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ. ಅದನ್ನು ಯಾರಾದರೂ ಬಡವರ ಊಟ ಅಂದರೆ ನನಗೂ ಸಿಟ್ಟು ಬರುತ್ತದೆ.

ಕಡಲಮಗಳು:
ಓದಿ ಕಣ್ಣು ತುಂಬಿತು ಸರ್. ಆ ನಾನಾಯ್ ಚೆನ್ನಾಗಿರಲಿ.

ಲ್ಯಾಬ್_ಕೋಟು:
ನಾನು ಆಹಾರ ಸುರಕ್ಷತೆ ಕ್ಷೇತ್ರದಲ್ಲಿ ಕೆಲಸ ಮಾಡುವವಳು, ಹುಡುಗರಿಗೆ ಎರಡು ಮಾತು ಹೇಳಲೇಬೇಕು. ಉಬ್ಬಿದ ಡಬ್ಬಿ, ಅಂಚು ಸೋರುವ ಡಬ್ಬಿ, ಜೋಡಣೆಯ ಗೆರೆಯ ಮೇಲೆ ನೆಗ್ಗಿದ ಡಬ್ಬಿ ಎಷ್ಟೇ ಕಮ್ಮಿಗೆ ಕೊಟ್ಟರೂ ಬೇಡ. ನಾನು ಒಮ್ಮೆ ಒಂದು ಅಂಗಡಿಯಲ್ಲಿ ಅರ್ಧ ಬೆಲೆಗೆ ಸಿಕ್ಕಿತು ಅಂತ ತಂದೆ. ತೆರೆಯುವಾಗ ಬುಸ್ ಅಂತ ರಸ ಹಾರಿತು. ಹಾಗೇ ಎಸೆದೆ, ರುಚಿ ನೋಡುವ ಪ್ರಯತ್ನ ಕೂಡ ಮಾಡಬಾರದು.

ತೆರೆದ ಮೇಲೆ ಉಳಿದ ಮೀನನ್ನು ಬೇರೆ ಪಾತ್ರೆಗೆ ಹಾಕಿ ಫ್ರಿಜ್‌ನಲ್ಲಿಡಿ. ಹೊರಗೆ ಇಟ್ಟರೆ ಈ ಜಾತಿಯ ಮೀನಿನಲ್ಲಿ ಹಿಸ್ಟಮಿನ್ ಅನ್ನುವ ರಾಸಾಯನಿಕ ಸೇರಿಕೊಳ್ಳಬಹುದು, ಮತ್ತೆ ಕುದಿಸಿದರೂ ಅದು ಹೋಗುವುದಿಲ್ಲ, ಮೈ ಕೆಂಪಾಗಿ ತುರಿಕೆ ಬರುತ್ತದೆ. ಮುಳ್ಳು ಬಿಸಾಡಬೇಡಿ, ಕ್ಯಾಲ್ಸಿಯಂ ಇರುವುದೇ ಅದರಲ್ಲಿ. ಉಪ್ಪು ಜಾಸ್ತಿ ಇರುವುದರಿಂದ ದಿನಾ ಮಾತ್ರ ಬೇಡ, ವಾರಕ್ಕೆ ಒಂದೆರಡು ಸಲ ಸಾಕು.

ಹಾಸ್ಟೆಲ್_ಒಲೆ:
ಮಾಡಿದೆವು! ಫ್ರಿಜ್ ಇಲ್ಲ ಮೇಡಂ, ಅದಕ್ಕೆ ಒಂದೇ ಡಬ್ಬಿ ತೆಗೆದು ಪೂರ್ತಿ ಹಾಕಿದೆವು. ಡಬ್ಬಿ 25 ಪೆಸೊ ಆಸುಪಾಸು, ಎಲ್ಲ ಸೇರಿ 60 ಪೆಸೊ ದಾಟಲಿಲ್ಲ. ನಮ್ಮ ದುಡ್ಡಲ್ಲಿ ನೂರು ರೂಪಾಯಿಗೆ ಸ್ವಲ್ಪ ಹೆಚ್ಚು ಕಮ್ಮಿ, ಮೂವರಿಗೆ ರಾತ್ರಿ ಊಟ. ಕಮುಂಗ್ಗಾಯ್ ಪಕ್ಕದ ಮನೆಯವರೇ ಕೊಟ್ಟರು. ನಾವು ಸೊಪ್ಪು ಬಿಡಿಸುತ್ತಾ ಕೂತಿದ್ದನ್ನು ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ಆಮೇಲೆ ಅವರೂ ಕೂತು ಬಿಡಿಸಿದರು.

ಸಾಸ್ ಹುರಿಯುವಾಗ ನೀವು ಹೇಳಿದ ಹಾಗೇ ಬಣ್ಣ ತಿರುಗಿತು ಅಣ್ಣಾ. ವಾಸನೆ ಇರಲಿಲ್ಲ. ಮೀನು ಮೂರು ಇತ್ತು, ತಲೆಗೊಂದು, ಒಂದೂ ಒಡೆಯಲಿಲ್ಲ. ನನ್ನ ರೂಮ್‌ಮೇಟ್ ಬಳ್ಳಾರಿಯವನು, ಮನೆಯಿಂದ ತಂದ ಒಣಮೆಣಸಿನಕಾಯಿ ಎರಡು ಬೆಳ್ಳುಳ್ಳಿ ಜೊತೆ ಹಾಕಿದ. ಪಕ್ಕದ ಮನೆಯವರಿಗೂ ಒಂದು ಬಟ್ಟಲು ಕೊಟ್ಟೆವು. ಒಂದು ಗುಟುಕು ಕುಡಿದು, ಖಾರಕ್ಕೆ ಕಣ್ಣು ಒರೆಸಿಕೊಂಡು, ಲಾಮಿ ಅಂದರು. ಚೆನ್ನಾಗಿದೆ ಅಂತ ಅರ್ಥ ಅಲ್ವಾ?

ತುಂಗೆ_ದಡ:
ಹೌದು ತಮ್ಮಾ, ರುಚಿಯಾಗಿದೆ ಅಂತ. ಬಟ್ಟಲು ತೊಳೆದು ವಾಪಸ್ ಕೊಡುವಾಗ ಅದರಲ್ಲಿ ಏನಾದರೂ ಹಾಕಿಯೇ ಕೊಡುತ್ತಾರೆ. ಬೇಡ ಅನ್ನಬೇಡಿ.

ಹಾಸ್ಟೆಲ್_ಒಲೆ:
ಈಗಷ್ಟೇ ಬಂತು ಅಣ್ಣಾ. ಬೇಯಿಸಿದ ಸಾಬಾ ಬಾಳೆಕಾಯಿ, ನಾಲ್ಕು. ಇನ್ನೂ ಬಿಸಿ ಇದೆ.